ಟಿಪರ್ಯಾ ಅಲ್ಲ, ತಿಪ್ಪ್ಯಾ

ಗುರುಬಸವ್ವ ಹೆಡ್‌ಫೋನನ್ನು ಕಿವಿಯಿಂದ ಕಿತ್ತು ಮಗ್ಗದ ಮೇಲೆ ಎಸೆದಳು.

"ಇದು ನನ್ನ ದನಿ."

ಗೌರೀಶ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನ ಬಾಯಲ್ಲಿ ಶೇಂಗಾ ಹೋಳಿಗೆ ಇತ್ತು. ಅಗಿಯುವುದನ್ನು ನಿಲ್ಲಿಸಿದ್ದ.

"ಯಾವುದು ಅಕ್ಕಾರ?" ನಾನೆಂದೆ. "ನಡುನಡುವ ಪ್ಯಾ ಪ್ಯಾ ಅಂತೈತಲ್ಲ, ಅದೇನು? ಅದು ಕಂಪ್ಯೂಟರಿನ ಸದ್ದು."

"ಕಂಪ್ಯೂಟರ್ ಏನು ನನ್ನ ಗಂಟಲಾ ಕಡಾ ತಗೊಂಡೈತೇನ್ರಿ? ನನ್ನ ದನಿ ನನಗ ಗೊತ್ತಾಗಂಗಿಲ್ಲಾ? ಮತ್ತೊಮ್ಮೆ ಹಚ್ರಿ."

ಮತ್ತೊಮ್ಮೆ ಹಚ್ಚಿದೆ. ಈ ಸಲ ಗೌರೀಶ ತಂದಿದ್ದ ಸಣ್ಣ ಸ್ಪೀಕರಿನಲ್ಲಿ.

ಅದು ಡ್ರಮ್ ಆ್ಯಂಡ್ ಬಾಸ್. ಅದನ್ನು ಹಾಡು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೇಲೆ ತಾಳ ಕಲ್ಲು ಬಿದ್ದ ನಾಯಿಯಂತೆ ಓಡುತ್ತದೆ. ಕೆಳಗೆ ಬಾಸ್ ಹೆಣ ಹೊತ್ತವರಂತೆ ನಿಧಾನ ನಡೆಯುತ್ತದೆ. ಎರಡೂ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ. ಮೊದಲ ವಾರ ಕೇಳಿದಾಗ ತಲೆ ಸಿಡಿದುಹೋಗುತ್ತದೆ ಅನ್ನಿಸಿತ್ತು. ಈಗ ಅದಿಲ್ಲದೆ ನಿದ್ದೆ ಬರದಂತಾಗಿದೆ.

ಮಾಡಿದವನ ಹೆಸರು 'ಕಂಡಿಕಿ' ಎಂದು ಮೊಬೈಲು ತೋರಿಸುತ್ತಿತ್ತು. ಲಾಳಿಯೊಳಗೆ ಕೂರುವ ನೂಲಿನ ಸುರುಳಿಯ ಹೆಸರು. ಗುರುಬಸವ್ವನ ಒಬ್ಬನೇ ಮಗ ವೀರೇಶ ತನಗೆ ತಾನೇ ಇಟ್ಟುಕೊಂಡದ್ದು.

ದಸರೆಯ ಬೆನ್ನಿಗೇ ಅವನು ಹಿಪ್ಪರಗಿ ಬ್ಯಾರೇಜಿನ ಮೇಲ್ಗಡೆ, ಹೊಳೆಯ ದಂಡೆಯಲ್ಲಿ, ಬೈಕು ಚಪ್ಪಲಿ ಬಿಟ್ಟು ಕಾಣೆಯಾಗಿದ್ದ. ಹೆಣಕ್ಕಾಗಿ ಹುಡುಕಿದರು. ಸಿಗಲಿಲ್ಲ. ಆಮೇಲೆ ಅವನ ಹೆಸರಿನಲ್ಲಿ ಹೊಸ ಹಾಡೊಂದು ಇಂಟರ್‌ನೆಟ್ಟಿಗೆ ಬಂತು. ಹಾಡು ಬಂತು, ಪೊಲೀಸರು ಹೋದರು. ಹಾಡು ಬಿಡುವವನು ಸತ್ತಿರುವುದಿಲ್ಲ, ಮನೆ ಬಿಟ್ಟು ಓಡಿಹೋಗಿದ್ದಾನೆ ಎಂದರು. ಮತ್ತೊಂದು ಬಂತು. ಮೊನ್ನೆ ಶುಕ್ರವಾರ ಈ ಮೂರನೆಯದು. ಹೆಸರು 'ಟಿಪರ್ಯಾ'.

"ನಿಲ್ಸ್ರಿ," ಎಂದಳು ಗುರುಬಸವ್ವ.

ನಿಲ್ಲಿಸಿದೆ. ಓಣಿಯ ಉಳಿದ ಮಗ್ಗಗಳೆಲ್ಲ ಖಟಖಟ ಬಡಿದುಕೊಳ್ಳುತ್ತಿದ್ದವು. ಬನಹಟ್ಟಿಯಲ್ಲಿ ಹಗಲು ಹೊತ್ತು ಮೌನವಾಗಿ ಇರುವ ಮನೆಯೆಂದರೆ ಸಾವಿನ ಮನೆ. ಇವಳ ನಾಲ್ಕೂ ಮಗ್ಗಗಳು ಆವತ್ತಿನಿಂದ ನಿಂತಿವೆ. ನೂಲಿನ ಮೇಲೆ ಧೂಳು, ಧೂಳಿನ ಮೇಲೆ ಸಕ್ಕರೆ ಕಾರ್ಖಾನೆಯ ಕರಿ ಬೂದಿ.

"ಇದು ನಾ ಹೊಳಿ ದಂಡಿ ಮ್ಯಾಲ ನಿಂತು ಕೂಗಿದ್ದು," ಎಂದಳು. "ಅವ ಕಾಣಿಸದಂಗಾದ ಮರುದಿನ."

ನಾನು ನಂಬಲಿಲ್ಲ.

"ಹೆಂಗ ಹೇಳ್ತೀರಿ? ಮಗನ್ನ ಮನ್ಯಾಗ ದಿನಾ ಹತ್ತು ಸಲ ಕೂಗಿರ್ತೀರಿ. ಅವಾಗ ಹಿಡಕೊಂಡಿರಬೇಕು. ಹಗಲೂ ರಾತ್ರಿ ಆ ರೆಕಾರ್ಡರ್ ಕೊಳ್ಳಾಗ ಹಾಕ್ಕೊಂಡು ತಿರಗಾಂವ."

"ವೀರೇಶಾ ಅಂತ ಕೂಗಿದ್ರ ಹಂಗ ಅನಬಹುದು. ಈ ಹೆಸರು ಮನ್ಯಾಗ ಕೂಗಂಗಿಲ್ಲ."

"ಯಾವ ಹೆಸರು?"

ಅವಳು ಗೌರೀಶನ ಕಡೆ ನೋಡಿದಳು, ಹೇಳಲೋ ಬೇಡವೋ ಎಂಬಂತೆ. ಗೌರೀಶ ಹಿಪ್ಪರಗಿಯವನು. ಕಬ್ಬು ಬೆಳೆಯುತ್ತಾನೆ. ಹಬ್ಬ ಬಂದರೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೇ ಆಳೆತ್ತರದ ಸ್ಪೀಕರ್ ಕಟ್ಟಿ ಮೆರವಣಿಗೆಗೆ ಒಯ್ಯುತ್ತಾನೆ. ವೀರೇಶನ ಬಾಸ್ ಮೊದಲು ಗುಡುಗಿದ್ದು ಆ ಸ್ಪೀಕರುಗಳಲ್ಲೇ. ವೀರೇಶ ಕಾಣೆಯಾದಾಗಿನಿಂದ ಈ ತಾಯಿಯನ್ನು ತನ್ನ ಜೀಪಿನಲ್ಲಿ ಹೊಳೆಗೆ, ಠಾಣೆಗೆ, ದೇವರು ಹೇಳುವವರ ಹತ್ತಿರಕ್ಕೆ ಒಯ್ದವನು ಇವನೇ. ಎಲ್ಲರನ್ನೂ 'ಸರದಾರ' ಎನ್ನುವ ಚಟ. ನನಗೂ ಸರದಾರ, ಗುರುಬಸವ್ವನಿಗೂ ಸರದಾರ, ಅವಳ ಆಡಿಗೂ ಸರದಾರ.

"ಹೇಳ್ ಸರದಾರ," ಎಂದ. "ನಾ ಏನ್ ಹೊರಗಿನಾಂವಾ?"

"ತಿಪ್ಪ್ಯಾ," ಎಂದಳು. ದನಿ ಒಡೆಯಿತು. "ಅವಗಿಂತ ಮೊದಲ ಎರಡು ಹುಟ್ಟಿ ಹೋಗಿದ್ದೂ. ಇವ ಹುಟ್ಟಿದ ಕೂಡ್ಲೆ ನಮ್ಮತ್ತಿ ಒಯ್ದು ತಿಪ್ಪಿ ಮ್ಯಾಲ ಮಲಗಿಸಿದ್ಲು. ಕೇರೂ ಮರದಾಗ ಜ್ವಾಳ ಕೊಟ್ಟು ತಿರಗಿ ತಗೊಂಡ್ವಿ. ತಿಪ್ಪಿ ಮ್ಯಾಗಿನ ಕೂಸು ಅಂದ್ರ ಸಾವು ಮುಟ್ಟಂಗಿಲ್ಲ ಅಂತಾರಲ್ರಿ. ತೊಟ್ಟಲದಾಗ ಆ ಹೆಸರು ಇಟ್ವಿ. ತಿಪ್ಪ್ಯಾ ಅಂದ್ರ 'ಓ ಯವ್ವಾ' ಅಂತ ಓಡಿ ಬರ್ತಿದ್ದ. ಸಾಲಿಗೆ ಹ್ವಾದ ಮ್ಯಾಲ ಹುಡುಗ್ರು ನಗ್ಯಾಡಿದ್ರು. ಒಂದಿನಾ ಅಳಕೋತ ಬಂದು ನನ್ನ ಕಡಿಂದ ಆಣಿ ಹಾಕಿಸ್ಕೊಂಡ. ಇನ್ನ ಮ್ಯಾಲ ಆ ಹೆಸರಿಲೆ ಕರದಿ ಅಂದ್ರ ಸತ್ತಂಗ ನಾ ಅಂದ. ಅವತ್ತಿಂದ ಕರದಿಲ್ಲ."

"ಹೊಳಿ ದಂಡಿ ಮ್ಯಾಲ ಯಾಕ ಕರದ್ರಿ?"

"ದೇವರು ಹೇಳೂ ಹಿಪ್ಪರಗಿ ಅನ್ನವ್ವಾಯಿ ಹೇಳಿದ್ಲು. ನೀರು ಒಯ್ದ ಮಗನ್ನ ತೊಟ್ಟಲ ಹೆಸರಿಲೆ ಮೂರು ಸಲ ಕರೀಬೇಕು, ಇದ್ರ ಬರ್ತಾನ, ಇಲ್ಲಂದ್ರ ನೀರು ಹೆಣಾ ಬಿಡ್ತೈತಿ ಅಂತ. ಹೊತ್ತು ಮುಳಗೂ ಮುಂದ ಕರದೆ. ಅವ ಬರ್ಲಿಲ್ಲ. ಹೆಣಾನೂ ಬರ್ಲಿಲ್ಲ."



ನನಗೆ ಸಿಟ್ಟು ನೆತ್ತಿಗೇರಿತು. ಮಗನನ್ನು ಕಳೆದುಕೊಂಡವಳ ಕೂಗನ್ನು ಚೂರು ಚೂರು ಕತ್ತರಿಸಿ, ತಾಳಕ್ಕೆ ಹೊಲಿದು, ಶುಕ್ರವಾರ ಅಂಗಡಿಗೆ ಇಟ್ಟಿದ್ದಾರೆ. ಕೆಳಗೆ ಯಾವ ಯಾವ ದೇಶದವರೋ ಬೆಂಕಿಯ ಚಿತ್ರ, ಹೃದಯದ ಚಿತ್ರ ಹಾಕಿ ಹೊಗಳಿದ್ದಾರೆ.

"ಅವತ್ತು ದಂಡಿ ಮ್ಯಾಲ ಯಾರ್ಯಾರು ಇದ್ರಿ?"

"ನಾನು, ಅನ್ನವ್ವಾಯಿ. ಇವ ಗೌರೀಶ ಕಬ್ಬಿನಾಗ ಹುಡುಕಾಕ ಹೊಕ್ಕಿದ್ದ."

"ಹೌದ್ ಸರದಾರ," ಗೌರೀಶನೆಂದ. "ಆಳುದ್ದ ಕಬ್ಬು. ಒಣಗಿದ ಎಲಿ, ರವದಿ ಕೊಯ್ದು ಮೈಯೆಲ್ಲ ಗೀರು. ದೂರ ಇದ್ದೆ, ಇಕಿ ಕೂಗಿದ್ದೂ ನನಗ ಕೇಳ್ಸಲಿಲ್ಲ. ತಿಪ್ಪ್ಯಾ ಅಂತ ಹೆಸರೈತಿ ಅಂತ ಇವತ್ತ ಗೊತ್ತಾತು ನೋಡು."

ಅವನ ಕೈ ಗುರುಬಸವ್ವನ ಪಕ್ಕದಲ್ಲಿದ್ದ ಬಿಳಿ ಅರಿವೆಯ ಗಂಟಿನತ್ತ ಹೋಯಿತು. ಅವಳು ಫಟ್ಟನೆ ಹೊಡೆದಳು.

"ಮುಟ್ಟಬ್ಯಾಡ. ಅದು ವೀರ್ಯಾನ ಬುತ್ತಿ."

"ದಿನಾ ಹೊಳಿಗೆ ಒಯ್ದು ಮೀನಕ್ಕ ಹಾಕ್ತಿ. ನಾ ಏನ್ ಮೀನಕಿಂತ ಕಡಿಮಿ ಆದ್ನ್ಯಾ? ಹೋಳಿಗಿ ಹೊಟ್ಟಿ ಮೂಲಿಗೆ ಸಾಲಲಿಲ್ಲ."

"ನಿನ್ನ ಹೊಟ್ಟಿ ಮಣ್ಣಾಗ ಹೋತು. ತಿನ್ನೂದು ಕಂಡ್ರ ಬಿಡೂದಿಲ್ಲ ನೀ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಆಮೇಲೆ ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ.

"ಚನಮಲ್ಲಪ್ಪಣ್ಣಾರ, ಮಂದಿ ಮನಿತನದ ಹಣೇಬಾರಾ ಹುಡುಕಿ ತಗಿಯೂ ಮನಿಷ್ಯಾ ನೀವು. ನನಗೊಂದು ಮಾತು ಹೇಳ್ರಿ. ಬರೂ ಅಮಾಸಿಗೆ ಹುಲ್ಲಿನ ಗೊಂಬಿ ಮಾಡಿ ಮಣ್ಣು ಕೊಟ್ಟು, ಸತ್ತವರ ದಿನಾ ಮಾಡಿ ಮುಗಸು ಅನ್ನಾಕತ್ತಾರ ಮೈದುನಗೋಳು. ನಾ ಅವಗ ದಿನಾ ಮಾಡ್ಲೋ, ಬುತ್ತಿ ಕಟ್ಲೋ? ಇಷ್ಟ ಹೇಳ್ರಿ. ಯಾವುದಾದ್ರೂ ಒಂದು ಮಾಡ್ತೀನಿ. ಎರಡೂ ಮಾಡಾಕ ಆಗವಲ್ದು."

ಅವಳು ಹೇಳಿದ್ದು ಸರಿ. ಮದುವೆಗೆ ಮುಂಚೆ ಗಂಡಿನ ಮನೆ, ಹೆಣ್ಣಿನ ಮನೆ ವಿಚಾರಿಸಿ ಹೇಳುವುದು ನನ್ನ ಕಸುಬು. ಗಂಡು ಕುಡಿಯುತ್ತಾನಾ, ಮೊದಲೊಂದು ಆಗಿದೆಯಾ, ಹೊಲ ತನ್ನದಾ ತಮ್ಮನದಾ. ಜಮಖಂಡಿ, ಮುಧೋಳ, ಬೀಳಗಿಯ ಚಹದಂಗಡಿಗಳಲ್ಲಿ ಕೂತು ಊರವರ ಬಾಯಿ ಬಿಡಿಸುತ್ತೇನೆ. ಆದರೆ ಯಾವ ಚಹದಂಗಡಿಯಲ್ಲೂ ಈ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ.

ಮೊಬೈಲಿನ ಪರದೆ ಮತ್ತೆ ನೋಡಿದೆ. ಟಿಪರ್ಯಾ.

ಬಾಯಲ್ಲಿ ಹೇಳಿ ನೋಡಿದೆ. ಟಿಪರ್ಯಾ. ತಿಪ್ಪ್ಯಾ. ಟಿಪರ್ಯಾ.

"ಟಿಪರ್ಯಾ ಅಂದ್ರ ಏನಲೇ ಗೌರ್ಯಾ?"

"ಮರಾಠಿ ಸರದಾರ. ಕೋಲಾಟದ ಕೋಲು."

ಎದ್ದುಬಿಟ್ಟೆ. ಇಷ್ಟು ಹೊತ್ತು ಎದೆಯ ಮೇಲೆ ಕೂತಿದ್ದ ಒಂದು ಕಲ್ಲು ಇಳಿಯಿತು, ಇನ್ನೊಂದು ಏರಿತು. ತಾಯಿ ಕೂಗುವಾಗ ಮಗ ಕಬ್ಬಿನ ಮರೆಯಲ್ಲಿ ಕೂತು ಆ ಕೂಗನ್ನು ಹಿಡಿದುಕೊಂಡು ಹಾಡು ಮಾಡಿದನೇ ಎಂಬ ಹೇಸಿಗೆಯ ಅನುಮಾನ ಗುರುಬಸವ್ವನಿಗೂ ಬಂದಿತ್ತು, ನನಗೂ ಬಂದಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೆ. ಆದರೆ ಈ ಹೆಸರಿಟ್ಟವನು ವೀರೇಶನಲ್ಲ. ತನ್ನ ತೊಟ್ಟಿಲ ಹೆಸರನ್ನು ಕೋಲಾಟದ ಕೋಲು ಅಂದುಕೊಳ್ಳುವ ಮಗ ಇಲ್ಲ. ಇಟ್ಟವನಿಗೆ ಅದು ಹೆಸರೆಂದೇ ಗೊತ್ತಿಲ್ಲ. ಅವನ ಕಿವಿಗೆ ಮರಾಠಿ ಮೊದಲು, ಕನ್ನಡ ಆಮೇಲೆ.

ಅಂಥ ಕಿವಿಯವನು, ವೀರೇಶನ ಹಾಡು ಬರುವ ಇಂಟರ್ನೆಟ್ ಪುಟದ ಬೀಗದ ಕೈ ಇರುವವನು, ಒಬ್ಬನೇ. ವೀರೇಶನ ಜೊತೆಗಾರ.

"ಜೀಪ್ ತಗಿ," ಎಂದೆ. "ಜಮಖಂಡಿಗೆ. ನಂದಕಿಶೋರನ ಮನಿಗೆ."

"ನಾನೂ ಬರ್ತೀನಿ," ಎಂದು ಗುರುಬಸವ್ವ ಬುತ್ತಿ ಎತ್ತಿಕೊಂಡಳು.

*

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಎರಡೂ ಕಡೆ ಹೊಲದಲ್ಲಿ ರವದಿ ಸುಡುತ್ತಿದ್ದರು. ಸೂರ್ಯ ಹೊಗೆಯೊಳಗೆ ಹಳಸಿದ ತತ್ತಿಯ ಹಾಗೆ ಕಾಣುತ್ತಿದ್ದ. ಗುರುಬಸವ್ವ ಹಿಂದೆ ಕೂತು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಗೌರೀಶ ಒಂದು ಮಾತೂ ಆಡಲಿಲ್ಲ. ಅಂಥ ಬಾಯಿಬಡುಕ ಸುಮ್ಮನಿದ್ದದ್ದು ನನ್ನ ಲಕ್ಷ್ಯಕ್ಕೆ ಬಂತು. ಅಳುವ ಹೆಂಗಸಿನ ಮುಂದೆ ಏನು ಮಾತಾಡಿಯಾನು ಎಂದು ಬಿಟ್ಟೆ.

ನಂದಕಿಶೋರನ ಮನೆಯ ಮುಂದೆ ಜೀಪು ನಿಂತಿತು. ಅವರಿಬ್ಬರೂ ಕೆಳಗೇ ಇರಲಿ ಎಂದು ಒಬ್ಬನೇ ಹತ್ತಿದೆ. ತಾಯಿಯನ್ನು ಎದುರಿಗೆ ನಿಲ್ಲಿಸಿದರೆ ಹುಡುಗ ಅಳುತ್ತಾನೆ. ನನಗೆ ಅಳು ಬೇಕಿರಲಿಲ್ಲ, ಮಾತು ಬೇಕಿತ್ತು.

ಮೆಟ್ಟಿಲ ಮೇಲೆ ಅವನ ತಾಯಿ ಸುಹಾಸಿನಿ ಎದುರಾದರು.

"ಬಸಾ ಬಸಾ, ಕೂಡ್ರಿ, ಚಹಾ ಮಾಡ್ತೀನ್ರಿ. ಮಗಾ ಮ್ಯಾಲಿದ್ದಾನ. ಕಿವ್ಯಾಗ ಹಾಕ್ಕೊಂಡು ಕೂತ್ರ ಹಾಕ ಮಾರಿದ್ರೂ, ಎಷ್ಟು ಕೂಗಿದ್ರೂ ಕೇಳ್ಸಂಗಿಲ್ಲ ಅವಗ."

"ನನ್ನ ಹಾಕ ಕೇಳಸ್ತೈತಿ ಬಿಡ್ರಿ ಬಾಯಿ," ಎಂದು ಮೇಲೆ ನಡೆದೆ.

ಕೋಣೆಯ ಗೋಡೆಗೆಲ್ಲ ಹಳೆಯ ಗಾದಿ ಬಡಿದಿದ್ದ. ಕಿಟಕಿಗೂ ಗಾದಿ. ಒಳಗೆ ಹೋದ ಕೂಡಲೇ ಊರೇ ಸತ್ತುಹೋದಂತೆ ಸದ್ದು ಅಡಗಿತು. ನಂದಕಿಶೋರ ಬೆನ್ನು ಮಾಡಿ ಕೂತಿದ್ದ. ತೆಳ್ಳನೆಯ ಹುಡುಗ. ಪುಣೆಯಲ್ಲಿ ಸೌಂಡಿನ ಕೆಲಸ ಕಲಿತು ಬಂದವನು. 'ಎರಿಮಣ್ಣು' ಎಂಬ ಹೆಸರಿನ ಆ ಪುಟವನ್ನು ಅವನೂ ವೀರೇಶನೂ ಸೇರಿ ಶುರು ಮಾಡಿದ್ದರು. ಸುತ್ತಲಿನ ಹೊಸ ಹುಡುಗರು ಮಾಡಿದ್ದನ್ನು ಶುಕ್ರವಾರಕ್ಕೊಂದು ಬಿಡುತ್ತಿದ್ದರು. ಬೀಳಗಿಯ ಧನಶ್ರೀ ಎಂಬಾಕೆ ಕಲ್ಲಿನ ಖಣಿಯಲ್ಲಿ ಸಿಡಿಮದ್ದಿನ ಬಾರು ಹಾರುವ ಸದ್ದಿನಿಂದ ಒಂದು ಮಾಡಿದ್ದಳು. ಮುಧೋಳದ ಅಮಿತ ಬೇಟೆನಾಯಿಗಳ ಏದುಸಿರನ್ನೇ ತಾಳ ಮಾಡಿದ್ದ. ನನಗೆ ಅವೆಲ್ಲ ಬಾಯಿಪಾಠ ಆಗಿದ್ದವು.

ಅವನ ಹೆಡ್‌ಫೋನಿನ ವೈರನ್ನು ಹಿಡಿದು ಎಳೆದೆ.

"ಕಾಕಾ!"

"ಟಿಪರ್ಯಾ ಯಾರು ಮಾಡಿದ್ದು?"

"ಕಂಡಿಕಿ. ವೀರ್ಯಾ."

"ಇನ್ನೊಮ್ಮೆ ಸುಳ್ಳು ಹೇಳಿದ್ರ ಈ ಪೆಟಿಗಿ ಎತ್ತಿ ಕೆಳಗ ಒಗೀತೀನಿ. ಟಿಪರ್ಯಾ ಅಂದ್ರ ಏನು?"

"ಕೋಲಾಟ… ಆ ಹೆಣ್ಮಗಳು ಅದನ್ನ ಅಂತಾಳಲ್ರಿ ಕಾಕಾ. ಟಿಪರ್ಯಾ, ಟಿಪರ್ಯಾ ಅಂತ. ಕೋಲಾಟಕ್ಕ ಹುಡುಗ್ರನ್ನ ಕರ್ಯಾಕತ್ತಾಳ ಅಂತ ತಿಳಕೊಂಡೆ. ಛಲೋ ಅನಸ್ತು, ಅದ್ನ ಹೆಸರಿಟ್ಟೆ."

ಹೆಸರಿಟ್ಟೆ. ಬಾಯಿಂದ ಬಿದ್ದುಹೋಯಿತು. ಅವನಿಗೂ ತಿಳಿಯಿತು. ಮೋರೆ ಬಿಳಿಚಿಕೊಂಡಿತು.

"ಅದು ಕೋಲಾಟ ಅಲ್ಲೋ ಮಂಗ್ಯಾನ ಮಗನ," ಎಂದೆ. "ತಿಪ್ಪ್ಯಾ. ತಿಪ್ಪಿ ಮ್ಯಾಲ ಹಾಕಿ ತಗೊಂಡ ಮಗನ ಹೆಸರು. ವೀರ್ಯಾನ ತೊಟ್ಟಲ ಹೆಸರು. ಅವನ ತಾಯಿ ಹೊಳಿ ದಂಡಿ ಮ್ಯಾಲ ನಿಂತು ಹೆಣಕ್ಕ ಕೂಗಿದ್ದು."

ಚಹಾ ತಂದು ಬಾಗಿಲಲ್ಲಿ ನಿಂತಿದ್ದ ಸುಹಾಸಿನಿಬಾಯಿ ಬಾಯಿಗೆ ಸೆರಗು ಒತ್ತಿದರು.

"ಅಗೋ ಬಾಯಿ. ನಮ್ಮ ಅಜ್ಜಾಗ ಉಕಿರ್ಡ್ಯಾ ಅಂತಿದ್ರು. ಹಿಂಗ, ತಿಪ್ಪಿ ಮ್ಯಾಲಿನ ಕೂಸು. ನಂದೂ, ಕಾಯ್ ಕೇಲಸ್ ರೇ? ಏನ್ ಮಾಡೀದಿ ನೀ?"

ನಂದಕಿಶೋರ ಖುರ್ಚಿಯಲ್ಲೇ ಕುಗ್ಗಿದ.

"ನನಗ ಗೊತ್ತಿರಲಿಲ್ಲ ಆಯಿ. ದೇವರಾಣಿ ಗೊತ್ತಿರಲಿಲ್ಲ."

"ಎಲ್ಲಿ ಸಿಕ್ತು ಆ ಕೂಗು? ನೀ ಹೊಳಿಗೆ ಬಂದೇ ಇಲ್ಲ."

"ವೀರ್ಯಾನ ಕಡಿಂದ ಬಂತ್ರಿ."

"ಏನಂದಿ?"

"ಇಂಟರ್‌ನೆಟ್ಟಿನಾಗ ನಮ್ಮಿಬ್ಬರದೂ ಒಂದು ಫೋಲ್ಡರ್ ಐತ್ರಿ ಕಾಕಾ. ಅವ ಎಲ್ಲೆರ ಸದ್ದು ಹಿಡದ್ರ ಅದರಾಗ ಹಾಕ್ತಾನ, ನಾನೂ ಹಾಕ್ತೀನಿ. ಅವ ಕಾಣಿಸದಂಗ ಆದ ಮ್ಯಾಲೂ ಅದರಾಗ ಸದ್ದು ಬರಾಕತ್ತೂ. ಮಾತಿಲ್ಲ, ಕತಿ ಇಲ್ಲ. ಬರೇ ಸದ್ದು. ಒಂದು ಪಂಪಸೆಟ್, ಒಂದು ನೀರು. ಆಮ್ಯಾಲ ಇದು. ನಾ ಮೆಸೇಜ್ ಕಳಿಸಿದೆ, ಎಲ್ಲಿದ್ದೀಯಲೇ ಅಂತ. ಜವಾಬಿಲ್ಲ. ಅಡಗಿ ಕುಂತಾನ, ಹಾಡು ಮಾಡಿ ಬಿಡು ಅಂತ ಕಳಸಾಕತ್ತಾನ ಅಂತ ತಿಳಕೊಂಡೆ."

"ತಿಳಕೊಂಡು ಬಾಯಿ ಮುಚಗೊಂಡು ಕುಂತಿ. ಆ ತಾಯಿ ದಿನಾ ಬುತ್ತಿ ಕಟಗೊಂಡು ಹೊಳಿಗೆ ಹೋಗ್ತಾಳ. ನಿನಗ ಒಂದು ಮಾತು ಬಂದು ಹೇಳಾಕ ಏನಾಗಿತ್ತು? ಕಾಲು ಮುರದಿದ್ದೂ?"

ಅವನು ಕೆಳಗೆ ನೋಡಿದ. 

"ನನ್ನ ಹೆಸರಿಲೆ ಬಿಟ್ರ ಯಾರೂ ಕೇಳಂಗಿಲ್ರಿ."

"ಆಂ?"

"ನಾನೂ ಆರು ಬಿಟ್ಟೀನ್ರಿ. ಪುಣೆದಾಗ ಕಲತು ಬಂದಾಂವ ನಾನು. ಅವ ಮಗ್ಗದ ಮುಂದ ಕುಂತು ಕಲತಾಂವ. ಅವಂದು ಬಂದ್ರ ಲಂಡನ್ನಿನ ಮಂದಿ ಕೇಳ್ತಾರ. ನಂದು ಬಂದ್ರ ನಮ್ಮ ಆಯಿ ಕೇಳ್ತಾಳ. ಅವ ಹ್ವಾದ ಮ್ಯಾಲ ನಾ ಮಾಡಿದ್ದಕ್ಕ ಅವನ ಹೆಸರು ಇಟ್ಟೆ. ಎಲ್ಲಾರೂ ಹೊಗಳಿದ್ರು. ಕಂಡಿಕಿ ಈ ಸಲ ಇನ್ನೂ ಛಲೋ ಮಾಡ್ಯಾನ ಅಂದ್ರು. ಹೇಳಿದ್ರ ಅದು ಹೋಗ್ತಿತ್ತಲ್ರಿ."

ಕಪಾಳಕ್ಕೆ ಹೊಡೆಯಬೇಕೆಂದು ಎತ್ತಿದ ಕೈ ಅಲ್ಲೇ ನಿಂತಿತು. ಅವನ ತಾಯಿ ಅಲ್ಲಿದ್ದರು ಎಂದಲ್ಲ. ಅವನು ಹೇಳಿದ್ದು ಖರೆ ಇತ್ತು. ಖರೆ ಹೇಳಿದವನನ್ನು ಹೊಡೆಯಲು ಬರುವುದಿಲ್ಲ.

"ಆ ಕೂಗು ಹಚ್ಚು," ಎಂದೆ. "ನೀ ಕತ್ತರಿಸಿದ್ದಲ್ಲ. ಬಂದದ್ದು ಬಂದಂಗ."

ಪರದೆಯ ಮೇಲೆ ಒಂದು ಉದ್ದ ಗೆರೆ ಮೂಡಿತು. ಸಣ್ಣ ನೂಲಿನಂಥ ಗೆರೆ. ನಡುವೆ ಮೂರು ಕಡೆ ಹಾವು ಇಲಿ ನುಂಗಿದಂತೆ ಉಬ್ಬು.

"ಈ ಮೂರು ಉಬ್ಬು ಕೂಗು ಕಾಕಾ. ಇವನ್ನ ಕತ್ತರಿಸಿಕೊಂಡೆ."

"ಉಳಿದದ್ದು?"

"ಅದರಾಗ ಏನಿಲ್ರಿ. ಗೆರಿ ನೋಡ್ರಿ, ಸಪಾಟ ಐತಿ. ಒಗದುಬಿಟ್ಟೆ."

"ಕೇಳಿ ಒಗದ್ಯೋ, ನೋಡಿ ಒಗದ್ಯೋ?"

ಅವನು ತಡವರಿಸಿದ.

"ನೋಡಿ."

"ಕಿವಿ ಕೆಲಸಾ ಕಣ್ಣಿಲೆ ಮಾಡ್ತೀಯಲ್ಲೋ! ಇದನ್ನ ಕಲಿಯಾಕ ಪುಣೆಗೆ ಹೋಗಿದ್ಯಾ?"

"ಎಲ್ಲಾರೂ ಹಂಗ ಮಾಡ್ತಾರ್ರಿ. ಉಬ್ಬಿದ್ದಲ್ಲಿ ಸದ್ದಿರ್ತೈತಿ…"

"ಹಚ್ಚಲೇ."

ಹೆಡ್‌ಫೋನ್ ನಾನು ಹಾಕಿಕೊಂಡೆ. ಅವನು ದನಿ ಏರಿಸಿದ.

ಮೊದಲು ಗಾಳಿ. ಆಮೇಲೆ ಎಲೆಗೆ ಎಲೆ ತಿಕ್ಕುವ ಸದ್ದು. ಸರ್ ಸರ್ ಎಂಬ ಒರಟು ಸದ್ದು. ಹೊಲದಲ್ಲಿ ಬೆಳೆದ ನನಗೆ ಅದು ಯಾವ ಎಲೆ ಎಂದು ಯಾರೂ ಹೇಳಬೇಕಿರಲಿಲ್ಲ. ಕಬ್ಬು. ರೆಕಾರ್ಡರ್ ಕಬ್ಬಿನ ನಡುವೆ ಇತ್ತು.

ದೂರದಿಂದ, ನೀರಿನ ಮೇಲೆ ಜಾರಿ ಬಂದಂತೆ, "ತಿಪ್ಪ್ಯಾ…"

ಮತ್ತೆ ಗಾಳಿ.

"ತಿಪ್ಪ್ಯಾ… ಬಾರೋ ನನ್ನಪ್ಪಾ…"

 ಇದಕ್ಕೆ ತಾಳ ಹಾಕಿದ್ದನಲ್ಲ ಈ ಹುಡುಗ.

ಮೂರನೆಯ ಕೂಗು ಎಲ್ಲಕ್ಕಿಂತ ಉದ್ದ. ಕೊನೆಗೆ ಅದು ಹೆಸರಾಗಿ ಉಳಿದಿರಲಿಲ್ಲ. ಬರೀ ಬಾಯಿ ತೆರೆದ ಸದ್ದು.

ಉಬ್ಬು ಮುಗಿಯಿತು. ಗೆರೆ ಸಪಾಟಾಯಿತು. ನಂದಕಿಶೋರ ನಿಲ್ಲಿಸಲು ಕೈ ಚಾಚಿದ. ಅವನ ಮಣಿಕಟ್ಟು ಹಿಡಿದು ಒತ್ತಿದೆ.

"ಇನ್ನೂ ಏರಿಸು."

ಏರಿಸಿದ. ಗಾಳಿ ನನ್ನ ತಲೆಯೊಳಗೇ ಬೀಸಿತು. ಕಬ್ಬಿನೆಲೆ ನನ್ನ ಕಿವಿಯನ್ನೇ ಕೊಯ್ದಂತಾಯಿತು. ಆಮೇಲೆ, ದೂರದಲ್ಲಲ್ಲ, ಇಲ್ಲೇ, ಕಿವಿಗೆ ತುಟಿ ಹಚ್ಚಿದಷ್ಟು ಹತ್ತಿರ, ಒಂದು ಉಸಿರು.

"ಓ ಯವ್ವಾ."

ಅಷ್ಟೆ. ಕೂಗಿದ್ದಲ್ಲ. ನಿದ್ದೆಗಣ್ಣಿನಲ್ಲಿ ಮಗು ಅಂದಂತೆ, ತನಗೇ ಗೊತ್ತಿಲ್ಲದೆ ಬಾಯಿಗೆ ಬಂದಂತೆ.

ಬಟ್ಟೆ ಉಜ್ಜಿದ ಸದ್ದು. ಉಸಿರು ಯಾವುದೋ ಅಂಗೈಗೆ ಸಿಕ್ಕು ಮುಲುಕಿತು. ಇನ್ನೊಂದು ದನಿ ಬಂತು. ಸಿಟ್ಟಿನ ದನಿಯಲ್ಲ. ಜ್ವರ ಬಂದವನ ತಲೆ ಸವರುವ ದನಿ.

"ಬ್ಯಾಡ ಸರದಾರ. ಹೋಗ್ಲಿ ಆಕಿ."

ಗೆರೆ ಮುಗಿದುಹೋಯಿತು.

ನಾನು ಹೆಡ್‌ಫೋನ್ ತೆಗೆಯಲಿಲ್ಲ.  ನಂದಕಿಶೋರನ ಬಾಯಿ ಆಡುವುದು ಕಾಣುತ್ತಿತ್ತು, ಸುಹಾಸಿನಿಬಾಯಿ ಚಹಾದ ಕಪ್ಪು ಮುಂದೆ ಹಿಡಿದದ್ದು ಕಾಣುತ್ತಿತ್ತು.

ವೀರೇಶ ಆವತ್ತು ಜೀವಂತ ಇದ್ದ. ತಾಯಿ ಕರೆದಳು, ಅವನು ಓ ಎಂದ. ಅನ್ನವ್ವಾಯಿ ಹೇಳಿದ್ದು ಖರೆಯಾಗಿತ್ತು, ಆದರೆ ನಡುವೆ ಒಂದು ಕೈ ಇತ್ತು. ಆ ಕೈ ಬಾಯಿ ಮುಚ್ಚಿತೋ, ಬಚ್ಚಿಟ್ಟಿತೋ, ಆ ಸದ್ದಿನಲ್ಲಿ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಿದ್ದು ಇಷ್ಟೇ. ಆ ಕೈಯ ಒಡೆಯ ಈಗ ಕೆಳಗೆ ಜೀಪಿನಲ್ಲಿ ಕೂತಿದ್ದ. ಅವಳ ಪಕ್ಕದಲ್ಲಿ.

"ಕಿಟಕಿ ಗಾದಿ ತಗಿ," ಎಂದೆ.

ತೆಗೆದ ಕೂಡಲೇ ಬೀದಿ ಒಳಗೆ ನುಗ್ಗಿತು. ಹಾರ್ನು, ಕಾಗೆ, ಹೊಗೆಯ ವಾಸನೆ. ಕೆಳಗೆ ಗುರುಬಸವ್ವ ಜೀಪಿನಿಂದಿಳಿದು ಗಂಟು ಅವುಚಿಕೊಂಡು ಮೇಲೇ ನೋಡುತ್ತ ನಿಂತಿದ್ದಳು. ಗೌರೀಶ ಬಾನೆಟ್ಟಿಗೆ ಒರಗಿದ್ದ. ಅವನೂ ಮೇಲೇ ನೋಡುತ್ತಿದ್ದ.

"ಏನಾತು ಸರದಾರ?" ಎಂದು ಕೂಗಿದ. "ಏನರ ಕೇಳಿಸ್ತೇನು?"

ಅದೇ ದನಿ. ಮೆದು. ತಲೆ ಸವರುವಂಥದ್ದು.

ನಾನು ಮಾತಿಗೆ ಮಾತು ಕೊಡುವ ಮನುಷ್ಯ. ಯಾರ ಮುಂದೆಯೂ ನಾಲಿಗೆ ಮಡಚಿದವನಲ್ಲ. ಆದರೆ ಹೌದು ಎಂದರೆ ಅವನಿಗೆ ತಿಳಿಯುತ್ತದೆ. ತಿಳಿದವನು ಇಲ್ಲಿಂದ ನೆಟ್ಟಗೆ ಎಲ್ಲಿಗೆ ಹೋಗುತ್ತಾನೆ, ಹೋಗಿ ಏನು ಮಾಡುತ್ತಾನೆ? ವೀರೇಶ ಎಲ್ಲಿದ್ದಾನೆಂದು ಬಲ್ಲವನು ಅವನೊಬ್ಬನೇ.

"ಏನಿಲ್ಲ," ಎಂದೆ. "ಬರೇ ಗಾಳಿ."

"ಅಣ್ಣಾರ," ಗುರುಬಸವ್ವ ಕರೆದಳು. "ಆ ಹಾಡು ಮಾಡಿದ್ದು ಅವನ ಹೌದೋ ಅಲ್ಲೋ?"

"ಅಲ್ಲಕ್ಕಾರ. ಮೂರೂ ಅವನ ಹಾಡಲ್ಲ. ಈ ಹುಡುಗ ಮಾಡ್ಯಾನ."

ಇದು ಸುಳ್ಳಲ್ಲ. ಆದರೆ ಅವಳು ಇದರಿಂದ ಏನು ಅರ್ಥ ಮಾಡಿಕೊಳ್ಳುತ್ತಾಳೆಂದು ನನಗೆ ಗೊತ್ತಿತ್ತು. ಇಷ್ಟು ದಿನ ಅವಳ ಮಗ ಉಸಿರಾಡುತ್ತಿದ್ದದ್ದು ಆ ಹಾಡುಗಳ ಮೂಲಕ. ಒಂದೇ ಮಾತಿನಲ್ಲಿ ಮೂರನ್ನೂ ಕಿತ್ತುಕೊಂಡಿದ್ದೆ.

ಅವಳು ಅಳಲಿಲ್ಲ. ತಲೆ ಆಡಿಸಿದಳು, ಬಹಳ ದಿನದಿಂದ ಬಾರದಿದ್ದ ಲೆಕ್ಕ ಈಗ ಬಂತೆಂಬಂತೆ.

"ಆತು ಹಂಗಾರ," ಎಂದಳು. "ದಿನಾ ಮಾಡ್ತೀನಿ."

ಗಂಟನ್ನು ಗೌರೀಶನ ಕೈಗಿಟ್ಟಳು.

"ತಗೋಪಾ. ನೀ ತಿನ್ನು. ನನಗಾಗಿ ಭಾಳ ತಿರಗೀದಿ. ಹಸದಿರ್ತಿ."

"ನಾ ಬಿಡ್ತೀನಿ ಬಾ ಸರದಾರ, ಮನಿತನಕ."

"ಬ್ಯಾಡ. ಬಸ್ಸಿಗೆ ಹೋಗ್ತೀನಿ. ಮೈದುನಗೋಳಿಗೆ ಹೇಳಬೇಕು. ಒಬ್ಬಾಕೆನ ಕುಂಡ್ರಬೇಕು ಸ್ವಲ್ಪ."

ಸೆರಗು ಹೊದ್ದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ಕೈಯಲ್ಲಿ ಏನೂ ಇರಲಿಲ್ಲ. ಏನೋ ಮರೆತವಳಂತೆ ಎರಡು ಸಲ ತನ್ನ ಖಾಲಿ ಕೈ ನೋಡಿಕೊಂಡಳು.

ನಾನು ಗೌರೀಶನನ್ನು ನೋಡುತ್ತಿದ್ದೆ.

ಗಂಟು ಬಿಚ್ಚಿದ. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಪಲ್ಲೆಯ ಡಬ್ಬಿ. ಮಧ್ಯಾಹ್ನದಿಂದ ಈ ಗಂಟಿಗೆ ಕೈ ಹಾಕಿ ಹೊಡೆತ ತಿಂದವನು, ತಿನ್ನುವುದು ಕಂಡರೆ ಬಿಡದವನು, ರೊಟ್ಟಿ ಎಷ್ಟಿವೆ ಎಂದು ನೋಡಿದ. ಒಂದು ಚೂರೂ ಮುರಿಯಲಿಲ್ಲ. ಮತ್ತೆ ಮಡಚಿ, ಅವಳು ಕಟ್ಟಿದ್ದಕ್ಕಿಂತ ಬಿಗಿಯಾಗಿ ಕಟ್ಟಿ, ಪಕ್ಕದ ಸೀಟಿನ ಮೇಲೆ ಮಗುವನ್ನು ಇಟ್ಟಂತೆ ಇಟ್ಟ.

"ನಾ ಹೊಲಕ್ಕ ಹೋಗಿ ಬರ್ತೀನಿ ಸರದಾರ," ಎಂದು ಮೇಲೆ ಕೂಗಿದ. "ಕರೆಂಟ್ ಬರೂ ಹೊತ್ತಾತು. ಪಂಪ್ ಚಾಲೂ ಮಾಡಬೇಕು."

ಪಂಪು. ಫೋಲ್ಡರಿಗೆ ಬಂದ ಮೊದಲ ಸದ್ದು.

ನಂದಕಿಶೋರನ ಸ್ಕೂಟರಿನ ಕೀಲಿ ಮೇಜಿನ ಮೇಲಿತ್ತು. ಎತ್ತಿಕೊಂಡು ಮೆಟ್ಟಿಲಿಳಿದೆ. ಹಿಂದೆ ಸುಹಾಸಿನಿಬಾಯಿ ಏನೋ ಕೇಳುತ್ತಿದ್ದರು.

ಬೀದಿಗೆ ಬಂದಾಗ ಎಡಕ್ಕೆ ಗುರುಬಸವ್ವ, ಹೊಗೆಯಲ್ಲಿ ಅರ್ಧ ಕರಗಿದ ಬೆನ್ನು. ಈಗ ಕೂಗಿದರೆ ಕೇಳಿಸುತ್ತದೆ. ಮುಂದಿನ ಬಸ್ಸು ಹತ್ತಿದಳೆಂದರೆ ಬನಹಟ್ಟಿಯಲ್ಲಿ ಹುಲ್ಲಿನ ಗೊಂಬೆ ಕಟ್ಟಲು ಕೂರುತ್ತಾರೆ, ಬದುಕಿರುವ ಮಗನಿಗೆ ಮಣ್ಣು ಕೊಡುತ್ತಾರೆ.

ಬಲಕ್ಕೆ ಜೀಪು. ಅದು ಹೊಳೆಯ ದಾರಿ ಹಿಡಿದಾಗಿತ್ತು. ಸೀಟಿನ ಮೇಲೆ ಬಿಳಿ ಗಂಟು ಕುಲುಕುತ್ತಿತ್ತು.

ಬಾಯಿ ತೆರೆದೆ. ಅವಳನ್ನು ನಿಲ್ಲಿಸಿ ಹೇಳುವಷ್ಟರಲ್ಲಿ ಜೀಪು ಕಣ್ಮರೆಯಾಗುತ್ತಿತ್ತು.

ಸ್ಕೂಟರನ್ನು ಬಲಕ್ಕೆ ತಿರುಗಿಸಿದೆ.